ಎಂಟು ಬಗೆ ಬೆಲ್ಲದಲ್ಲಿ ಯಾವುದನ್ನು ಉಳಿಸಿಕೊಳ್ಳುವುದು?

ಪ್ರಶ್ನೆ: ಪಾಂಡವಪುರದ ಹತ್ತಿರ ನಮ್ಮ ಆಲೆಮನೆ ಇದೆ. ಇಷ್ಟು ದಿನ ಅಚ್ಚುಬೆಲ್ಲ ಮಾಡಿ ಮಂಡ್ಯದ ಮಂಡಿಗೆ ಹಾಕುತ್ತಿದ್ದೆವು. ಈಗ ನಮ್ಮದೇ ಹೆಸರಲ್ಲಿ ಮೈಸೂರಿನಲ್ಲಿ ಮಾರುವ ಯೋಚನೆ. ಅಚ್ಚು, ಉಂಡೆ, ಪುಡಿ, ಜೋನಿ, ಶುಂಠಿ ಬೆಲ್ಲ, ಏಲಕ್ಕಿ ಬೆಲ್ಲ, ಕಡಲೆ ಮಿಠಾಯಿ, ಎಳ್ಳುಂಡೆ ಎಂದು ಎಂಟು ಸರಕಿನ ಪಟ್ಟಿ ಮಾಡಿದ್ದೇವೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಪಟ್ಟಿಯಲ್ಲಿ ಏಳನ್ನು ಹೊಡೆದುಹಾಕುವುದರಿಂದ. ಎಂಟು ಸರಕೆಂದರೆ ಎಂಟು ಬಗೆ ಪೌಚು, ಎಂಟು ಲೇಬಲ್. ದುಡ್ಡೆಲ್ಲ ಗೋದಾಮಿನಲ್ಲೇ ಕೂರುತ್ತದೆ. ಯಾವುದು ಓಡಿತು, ಯಾವುದು ಕೂತಿತು ಎಂಬ ಲೆಕ್ಕವೂ ಸಿಗುವುದಿಲ್ಲ.

ಉಳಿಸಿಕೊಳ್ಳುವ ಒಂದನ್ನು ಆಲೆಮನೆಯಲ್ಲಿ ನಿಂತು ಆರಿಸಬೇಡಿ, ಕೊಳ್ಳುವವರ ಅಡುಗೆಮನೆಯ ತೊಂದರೆ ನೋಡಿ ಆರಿಸಿ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿಗೆ ಬಂದ ಮನೆಗಳು ಕುವೆಂಪುನಗರ, ಸರಸ್ವತಿಪುರಂ ಕಡೆ ನಿಮಗೆ ಸಿಗುತ್ತವೆ. ಅವರ ದೂರು ಸಾಮಾನ್ಯವಾಗಿ ಎರಡು: ಅಚ್ಚು ಕುಟ್ಟುವ ರಗಳೆ, ಹಾಲು ಒಡೆಯುವ ಭಯ. ಹಾಗಾಗಿ ನಮ್ಮ ಆಯ್ಕೆ, ಕಾಫಿ–ಟೀಗೆಂದೇ ಮಾಡಿದ ಅರ್ಧ ಕೆ.ಜಿ. ಬೆಲ್ಲದ ಪುಡಿ.

ಇಷ್ಟು ತೀರ್ಮಾನವಾದರೆ ಆಲೆಮನೆಯ ಕೆಲಸವೂ ಬದಲಾಗಬೇಕಾಗುತ್ತದೆ. ಕಡಿದ ಕಬ್ಬನ್ನು ಅವತ್ತೇ ಅರೆಯಿರಿ. ಇಟ್ಟಷ್ಟೂ ಸುಕ್ರೋಸ್ (ಕಬ್ಬಿನ ಸಕ್ಕರೆ) ಒಡೆದು ರಸದ ಹುಳಿ ಏರುತ್ತದೆ, ಹಾಲು ಒಡೆಯಲು ಒಂದು ಮುಖ್ಯ ಕಾರಣ ಆ ಹುಳಿಯೇ. ಸುಣ್ಣದ ತಿಳಿ ಹಾಕಿ ರಸದ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಅಂಕಿ ಕಡಿಮೆ) 6 ಮತ್ತು 6.2ರ ನಡುವೆ ತನ್ನಿ. ಅಚ್ಚುಬೆಲ್ಲದ ಪಾಕವನ್ನು 116–118 ಡಿಗ್ರಿ ಸೆಲ್ಸಿಯಸ್ ಆದಾಗ ಒಲೆಯಿಂದ ಇಳಿಸುತ್ತೀರಿ, ಪುಡಿಗೆ 120 ದಾಟಬೇಕು. ಕೈಹದ ಇಲ್ಲಿ ಸಾಲದು, ಥರ್ಮಾಮೀಟರ್ ಕೊಳ್ಳಿ. ಪುಡಿಯನ್ನು 3 ಮಿ.ಮೀ. ಜರಡಿಯಲ್ಲಿ ಹಿಡಿದು, ತೇವ ಶೇ 2ಕ್ಕಿಂತ ಕೆಳಗಿಳಿಯುವವರೆಗೆ ಒಣಗಿಸಿ. ಗಟ್ಟಿ ಬೆಲ್ಲಕ್ಕೆ ಕಾನೂನು ಶೇ 10ರವರೆಗೆ ತೇವ ಒಪ್ಪುತ್ತದೆ, ನಿಜ. ಆದರೆ ಅಷ್ಟು ತೇವದ ಪುಡಿ ಪೌಚಿನೊಳಗೇ ಗಡ್ಡೆ ಕಟ್ಟುತ್ತದೆ.

ಪ್ರತಿ ಕೊಪ್ಪರಿಗೆಯಿಂದಲೂ 10 ಗ್ರಾಂ ಪುಡಿ ತೆಗೆದು, ಕುದಿಯುವ 100 ಮಿ.ಲೀ. ಹಾಲಿಗೆ ಹಾಕಿ ಐದು ನಿಮಿಷ ನೋಡಿ. ಒಡೆದರೆ ಆ ಕೊಪ್ಪರಿಗೆಯದನ್ನು ಮಿಠಾಯಿ ಮಾಡುವವರಿಗೆ ಕೊಟ್ಟುಬಿಡಿ, ನಿಮ್ಮ ಹೆಸರಿನ ಪೌಚಿಗೆ ಬೇಡ.

ಬಣ್ಣದ ವಿಷಯದಲ್ಲಿ ಮಂಡಿಯ ಅಭ್ಯಾಸ ಬಿಡಬೇಕಾಗುತ್ತದೆ. ಹಳದಿ ಬರಲೆಂದು ಹೈಡ್ರೋಸ್ (ಬಣ್ಣ ತಿಳಿ ಮಾಡುವ ಗಂಧಕದ ರಾಸಾಯನಿಕ) ಸುರಿದರೆ ಗಂಧಕದ ಡೈಆಕ್ಸೈಡ್ ಕಾನೂನಿನ ಮಿತಿಯಾದ 70 ಪಿಪಿಎಂ (ಹತ್ತು ಲಕ್ಷದಲ್ಲಿ 70 ಭಾಗ) ದಾಟುವ ಅಪಾಯವಿದೆ. ಕಂದು ಬಣ್ಣವೇ ನಿಮ್ಮ ಗುರುತಾಗಲಿ. ಪಾಕದ ವಿಚಾರಕ್ಕೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ, ಆಹಾರ ತಂತ್ರಜ್ಞಾನಕ್ಕೆ ಮೈಸೂರಿನ ಕೇಂದ್ರ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಎರಡೂ ನಿಮ್ಮ ಹತ್ತಿರವೇ ಇವೆ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯಿಲ್ಲದೆ ಒಂದು ಪೌಚೂ ಹೊರಗೆ ಹೋಗಬಾರದು.

ಇನ್ನು ದುಡ್ಡು. ಉದಾಹರಣೆಗಷ್ಟೇ ಈ ಅಂಕಿ, ನಿಮ್ಮದನ್ನು ಹಾಕಿಕೊಂಡು ನೋಡಿ. ಅರ್ಧ ಕೆ.ಜಿ.ಗೆ ಬೆಲ್ಲ 24 ರೂ., ಒಣಗಿಸುವುದು ಮತ್ತು ಜರಡಿ ನಷ್ಟ 4, ಪೌಚು–ಲೇಬಲ್ 5, ಸಾಗಣೆ 2, ವಾಪಸು ಬರುವ ಮಾಲಿಗೆ 2, ಒಟ್ಟು 37. ಎಂಆರ್‌ಪಿ 60 ಇಟ್ಟು ಅಂಗಡಿಗೆ ಶೇ 20 ಬಿಟ್ಟರೆ ಕೈಗೆ 48. ಲೇಬಲ್ ಹಾಕಿ ಪೊಟ್ಟಣ ಕಟ್ಟಿದ ಬೆಲ್ಲಕ್ಕೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಇದೆ. ನೋಂದಣಿಯಾಗಿದ್ದರೆ ಅದನ್ನು ಕಳೆದು ಸುಮಾರು 45.70. ಉಳಿಯುವುದು 8.70 ರೂಪಾಯಿ. ನಡುವೆ ಎಂಆರ್‌ಪಿಯ ಮೇಲೆ ಶೇ 8 ಕೇಳುವ ವಿತರಕ ಬಂದರೆ ಅದು 4 ರೂಪಾಯಿಗೆ ಇಳಿಯುತ್ತದೆ. ಹಾಗಾಗಿ ಮೊದಲ ವರ್ಷ ನೀವೇ ಅಂಗಡಿಗೆ ಹಾಕಿ.

ಒಂದು ಟನ್ ಕಬ್ಬಿಗೆ ಸುಮಾರು 100 ಕೆ.ಜಿ. ಬೆಲ್ಲ, ಅಂದರೆ 200 ಪೌಚು. ಇಪ್ಪತ್ತು ಅಂಗಡಿಗೆ ಹತ್ತತ್ತು ಕೊಡಿ. ಹೆಸರು ಮುದ್ರಿಸಿದ ಪೌಚು ಈಗಲೇ ಬೇಡ, ಸಾದಾ ಪೌಚಿಗೆ ಸ್ಟಿಕ್ಕರ್ ಸಾಕು. ಮೊದಲ ಮಾರಾಟ ನೋಡಿ ಹಿಗ್ಗಬೇಡಿ, ನೆಂಟರಿಷ್ಟರೂ ಕೊಳ್ಳುತ್ತಾರೆ. ಆರು ವಾರದೊಳಗೆ ಹತ್ತು–ಹನ್ನೆರಡು ಅಂಗಡಿಯವರು ತಾವಾಗಿ ಫೋನ್ ಮಾಡಿ ಮತ್ತೆ ಕೇಳಿದರೆ ಸರಕು ಸರಿಯಾಗಿದೆ. ನಾಲ್ಕೈದೇ ಆದರೆ ಬೆಲೆ ಇಳಿಸುವ ಮೊದಲು ಕೊಂಡವರನ್ನು ಕೇಳಿ: ರುಚಿಯೋ, ಗಡ್ಡೆಯೋ, ಹಾಲು ಒಡೆಯಿತೋ?

ಸಂಕ್ರಾಂತಿ ಹೊತ್ತಿಗೆ ಶುರು ಮಾಡುವವರೆಲ್ಲ ಎಡವುವುದು ಜೂನ್‌ನಲ್ಲಿ. ಒಣಹವೆಯಲ್ಲಿ ಉದುರುದುರಾಗಿದ್ದ ಪುಡಿ ಮಳೆಗಾಲದಲ್ಲಿ ತೇವ ಹೀರಿ ಅಂಟುತ್ತದೆ. ಒಂದು ಮಳೆಗಾಲ ದಾಟುವವರೆಗೆ ಎರಡನೇ ಸರಕಿನ ಮಾತು ಬೇಡ.

ಪ್ರಶ್ನೆ: ಬೆಂಗಳೂರಿನ ವ್ಯಾಪಾರಿಯೊಬ್ಬರು ತಮ್ಮ ಹೆಸರಿನಲ್ಲಿ ಪುಡಿ ಮಾಡಿಕೊಡಿ ಎನ್ನುತ್ತಿದ್ದಾರೆ. ಒಪ್ಪಲೇ?

ಉತ್ತರ: ಒಪ್ಪಬಹುದು, ಆದರೆ ನಿಮ್ಮ ಉತ್ಪಾದನೆಯ ಮೂರನೇ ಒಂದು ಭಾಗ ಮೀರದಂತೆ. ಪೌಚಿನ ಹಣ ಮುಂಗಡವಾಗಿ ತೆಗೆದುಕೊಳ್ಳಿ, ಮಾಲು ತಲುಪಿದ ಮೇಲೆ ಉಳಿದ ಹಣ ಎಷ್ಟು ದಿನಕ್ಕೆಂದು ಬರೆಸಿಕೊಳ್ಳಿ. ಅವರಿಗೆ ಒಂದು ಕೆ.ಜಿ. ಪೌಚು ಕೊಡಿ, ಅರ್ಧ ಕೆ.ಜಿ. ನಿಮ್ಮ ಹೆಸರಿಗೇ ಇರಲಿ.