ಬೋರ್ಡಿನ ಅಂಗಡಿಗೆ ಲೇಟೆಕ್ಸ್ ಮಿಷಿನ್ ಬೇಕಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದು ಬೋರ್ಡು, ಸ್ಟಿಕ್ಕರ್ ಅಂಗಡಿ. ಕಟಿಂಗ್ ಪ್ಲಾಟರ್, ಲ್ಯಾಮಿನೇಷನ್ ಮಿಷಿನ್ ಇವೆ. ಪ್ರಿಂಟ್ ಮಾತ್ರ ಹೊರಗೆ ಹಾಕಿಸುತ್ತೇನೆ. ಸ್ವಂತ ಮಿಷಿನ್ ತಗೊಳ್ಳೋಣ ಅಂತಿದ್ದೇನೆ. ಡೀಲರ್ ಒಬ್ಬರು 'ಲೇಟೆಕ್ಸೇ ತಗೊಳ್ಳಿ, ಇಕೋ ಸಾಲ್ವೆಂಟ್ ಕಾಲ ಮುಗೀತು' ಅಂತಾರೆ. ಇನ್ನೊಬ್ಬರು ಅರ್ಧ ಬೆಲೆಗೆ ಹಳೇ ಲೇಟೆಕ್ಸ್ ಕೊಡಿಸ್ತೀನಿ ಅಂತಾರೆ. ಫ್ಲೆಕ್ಸ್ ಕೆಲಸವೂ ಬರುತ್ತೆ. ಏನು ಮಾಡಲಿ ಅಣ್ಣಾ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ಲೇಟೆಕ್ಸ್, ಇಕೋ ಸಾಲ್ವೆಂಟ್ ಎರಡೂ ಅಗಲದ ಪ್ರಿಂಟ್ ಹೊಡೆಯುವ ಮಿಷಿನ್‌ಗಳೇ, ವ್ಯತ್ಯಾಸ ಇಂಕಿನದು: ಲೇಟೆಕ್ಸ್‌ನದು ನೀರಿನ ಇಂಕು, ಇಕೋ ಸಾಲ್ವೆಂಟ್‌ನದು ಸಾಲ್ವೆಂಟ್ ಅಂದರೆ ರಾಸಾಯನಿಕ ದ್ರಾವಕದ ಇಂಕು. ಮೊದಲು ಫ್ಲೆಕ್ಸನ್ನು ಈ ಲೆಕ್ಕದಿಂದ ಆಚೆ ಇಡಿ. ಜಾತ್ರೆ, ಹುಟ್ಟುಹಬ್ಬ, ಗಣಪತಿ ಪೆಂಡಾಲು, ಇಲ್ಲೆಲ್ಲ ಜನ ಕೇಳೋದು ಚದರ ಅಡಿಗೆ ಎಷ್ಟು ಅಂತ ಮಾತ್ರ. ಅದಕ್ಕೆ ಹತ್ತು ಅಡಿ ಅಗಲದ ಸಾಲ್ವೆಂಟ್ ಮಿಷಿನ್‌ಗಳು ಊರೂರಲ್ಲಿ ಇವೆ. ಲೇಟೆಕ್ಸ್ ಇಂಕಿನಲ್ಲಿ ಫ್ಲೆಕ್ಸ್ ಹೊಡೆದು ಆ ರೇಟಿಗೆ ಮಾರಿದರೆ ಕೈಯಿಂದ ಹೋಗುತ್ತದೆ. ಅದನ್ನು ಈಗಿನ ಹಾಗೆ ಹೊರಗೇ ಹಾಕಿಸಿ. ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧದ ಮಾತು ಕೆಳಗೆ ಹಾಸನದವರ ಪ್ರಶ್ನೆಯಲ್ಲಿದೆ, ಅದನ್ನೂ ಓದಿ.

ಉಳಿಯೋದು ವಿನೈಲ್ (ಸ್ಟಿಕ್ಕರ್ ಹಾಳೆ), ಒನ್ ವೇ ವಿಷನ್ (ಗಾಜಿಗೆ ಅಂಟಿಸುವ ತೂತು ತೂತಿನ ಸ್ಟಿಕ್ಕರ್), ಗಾಡಿ ಸ್ಟಿಕ್ಕರ್, ಸನ್‌ಬೋರ್ಡ್ (ಹಗುರ ಫೋಮ್ ಹಲಗೆ) ಮೇಲೆ ಅಂಟಿಸುವ ಪ್ರಿಂಟು. ಈ ಕೆಲಸಕ್ಕೆ ಲೇಟೆಕ್ಸ್ ಕೊಡುವ ದೊಡ್ಡ ಲಾಭ ಸಮಯ. ಬಣ್ಣ ಚೆನ್ನಾಗಿ ಬರೋದು ಎರಡರಲ್ಲೂ ಬರುತ್ತದೆ. ಇಕೋ ಸಾಲ್ವೆಂಟ್ ಪ್ರಿಂಟು ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಆದರೆ ಸಾಲ್ವೆಂಟ್ ಇನ್ನೂ ಒಳಗೇ ಕೂತಿರುತ್ತದೆ. ಕನಿಷ್ಠ ಒಂದು ದಿನ ಸಡಿಲವಾಗಿ ಬಿಡಬೇಕು. ಅವಸರಕ್ಕೆ ಬಿದ್ದು ಅವತ್ತೇ ಲ್ಯಾಮಿನೇಷನ್ ಎಳೆದರೆ ಗಮ್ಮು ಮೆತ್ತಗಾಗಿ, ಕಟ್ ಮಾಡಿದ ಅಂಚು ಮೇಲಕ್ಕೆ ಸುರುಳಿ ಏಳುತ್ತದೆ. ಬಾಗಿಲ ಗಾಜಿಗೆ ಅಂಟಿಸಿ ವಾರ ಕಳೆಯೋದರೊಳಗೆ ಗ್ರಾಹಕರ ಫೋನು ಬರುತ್ತದೆ.

ಲೇಟೆಕ್ಸ್ ಇಂಕು ನೀರಿನದು. ಅದರೊಳಗೆ ಬಣ್ಣದ ಜೊತೆ ಪಾಲಿಮರ್ ಕಣಗಳಿರುತ್ತವೆ. ಮಿಷಿನ್ ಒಳಗಿನ ಹೀಟರ್ ನೂರು ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ನೀರನ್ನು ಆರಿಸುತ್ತದೆ. ಆ ಕಣಗಳು ಒಂದಕ್ಕೊಂದು ಕೂಡಿ ಬಣ್ಣವನ್ನು ಹಿಡಿದುಕೊಂಡ ತೆಳು ಪದರ ಆಗುತ್ತವೆ. ಹೊರಗೆ ಬಂದ ಪ್ರಿಂಟನ್ನು ತಣ್ಣಗಾದ ಕೂಡಲೇ ಲ್ಯಾಮಿನೇಷನ್‌ಗೆ ಕೊಡಬಹುದು. ಎಚ್‌ಪಿ ಕಂಪನಿ ಇದನ್ನು 2008ರಲ್ಲಿ ಮಾರುಕಟ್ಟೆಗೆ ತೋರಿಸಿತು. ಆಮೇಲೆ ರಿಕೋ, ಮಿಮಾಕಿಯೂ ಲೇಟೆಕ್ಸ್ ಮಾಡಿದವು.

ಹಾಗಾಗಿ ಡೀಲರ್ ಹತ್ತಿರ ಹೋಗುವ ಮೊದಲು ನಿಮ್ಮ ಬಿಲ್ ಪುಸ್ತಕ ತೆಗೆದು ನೋಡಿ. ಬೆಳಿಗ್ಗೆ ಫೈಲ್ ಕಳಿಸಿ ಸಂಜೆಗೆ ಬೋರ್ಡು ಕೇಳುವವರು ಎಷ್ಟು ಮಂದಿ? ಅವರು ಆ ಅವಸರಕ್ಕೆ ಜಾಸ್ತಿ ದುಡ್ಡು ಕೊಡುತ್ತಾರಾ, ಇಲ್ಲ ಬಾಯಲ್ಲಿ ಮಾತ್ರ 'ಅರ್ಜೆಂಟ್ ಅರ್ಜೆಂಟ್' ಅಂತಾರಾ? ಬ್ಯಾಂಕು, ಕ್ಲಿನಿಕ್ಕು, ಶೋರೂಮು, ಗಾಡಿ ರ‍್ಯಾಪಿಂಗ್ ಜಾಸ್ತಿ ಇದ್ದರೆ ಲೇಟೆಕ್ಸ್‌ಗೆ ಅರ್ಥ ಇದೆ. ನಾಳೆ ಕೊಟ್ಟರೂ ನಡೆಯುತ್ತೆ ಅನ್ನುವ ಗ್ರಾಹಕರೇ ತುಂಬಿದ್ದರೆ ಒಳ್ಳೆಯ ಹೆಡ್ (ಇಂಕು ಸಿಂಪಡಿಸುವ ಭಾಗ) ಇರುವ ಇಕೋ ಸಾಲ್ವೆಂಟ್ ಸಾಕು. ಅದರ ಕಾಲ ಏನೂ ಮುಗಿದಿಲ್ಲ.

ಲೇಟೆಕ್ಸ್ ಅಂತ ಮನಸ್ಸು ಮಾಡಿದರೆ ಡೆಮೋಗೆ ಬರಿಗೈಲಿ ಹೋಗಬೇಡಿ. ಶೋರೂಮಿನಲ್ಲಿ ಯಾವಾಗಲೂ ಗಿಣಿ ಇಲ್ಲವೇ ಹಣ್ಣಿನ ಬುಟ್ಟಿ, ಅದೂ ಅವರ ಒಳ್ಳೆಯ ವಿನೈಲ್ ಮೇಲೆ. ಗಿಣಿ ಎಲ್ಲ ಮಿಷಿನ್‌ನಲ್ಲೂ ಚೆನ್ನಾಗೇ ಬರುತ್ತದೆ! ನೀವು ದಿನಾ ಬಳಸುವ ರೋಲನ್ನೇ ಹೊತ್ತುಕೊಂಡು ಹೋಗಿ. ಕಡಿಮೆ ಬೆಲೆಯ ತೆಳು ವಿನೈಲ್ ಈ ಬಿಸಿಗೆ ಅಲೆ ಅಲೆಯಾಗಿ ಏಳುತ್ತದೆ, ಎದ್ದದ್ದು ಹೆಡ್ಡಿಗೆ ಉಜ್ಜುತ್ತದೆ. ಫೈಲು ಕೂಡ ನಿಮ್ಮದೇ ಇರಲಿ. ಒಂದೇ ಸಮನಾದ ಬೂದು ಬಣ್ಣದ ಪಟ್ಟಿ ಒಂದು ಹಾಕಿ. ಪಾಸ್‌ಗಳ ಗೆರೆ, ಅಂದರೆ ಹೆಡ್ ಒಂದೊಂದು ಸಲ ಅಡ್ಡ ಓಡಿದ ಗುರುತು, ಬೀಳೋದು ಮೊದಲು ಅಲ್ಲೇ ಕಾಣೋದು. ಕಡು ಕೆಂಪು ಒಂದು ಹಾಕಿ. ಆಮೇಲೆ ಮೂರು ಮೀಟರ್ ಉದ್ದದ ಎರಡು ಪ್ಯಾನೆಲ್ ಹೊಡೆಸಿ, ಟೇಪ್ ಹಿಡಿದು ಅಳೆಯಿರಿ. ಬಿಸಿಗೆ ವಿನೈಲ್ ಎಳೆದುಕೊಂಡು ನಾಲ್ಕೈದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೆ ಜೋಡಿಸುವಾಗ ಅಕ್ಷರ ಕೂಡೋದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಅಂಚಿನ ಬಣ್ಣ ಹೊಂದುತ್ತಾ ನೋಡಿ. ಹೊಂದದಿದ್ದರೆ ಒಂದು ಬಿಟ್ಟು ಒಂದು ಪ್ಯಾನೆಲನ್ನು ತಲೆಕೆಳಗು ಮಾಡಿ ಪ್ರಿಂಟ್ ಹಾಕಿಸಿ. ಆಗ ಒಂದೇ ಬದಿಯ ಅಂಚುಗಳು ಎದುರುಬದುರು ಬರುತ್ತವೆ.

ಅಗಲದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. 54 ಇಂಚಿನ ಮಿಷಿನ್ ಅಗ್ಗ, ನಿಜ. ಆದರೆ ನಮ್ಮಲ್ಲಿ ವಿನೈಲ್ ಮೂರು, ನಾಲ್ಕು, ಐದು ಅಡಿ ಲೆಕ್ಕದಲ್ಲಿ ಸಿಗುತ್ತದೆ. ಐದು ಅಡಿ ಅಂದರೆ 60 ಇಂಚು, ಅದರೊಳಗೆ ಹೋಗೋದೇ ಇಲ್ಲ. ಐದು ಅಡಿಯ ಶಟರ್‌ಗೆ ಪ್ರತಿ ಸಲ ಜಾಯಿಂಟ್ ಕೊಡ್ತಾ ಕೂರಬೇಕು. 64 ಇಂಚಿನದನ್ನೇ ನೋಡಿ.

ಇಂಕಿನ ಖರ್ಚನ್ನು ಡೀಲರ್ ಬಾಯಿಂದ ಕೇಳಬೇಡಿ, ಮಿಷಿನ್ನೇ ಹೇಳುತ್ತದೆ. ಪ್ರತಿ ಜಾಬ್‌ಗೆ ಎಷ್ಟು ಮಿಲಿ ಕುಡಿಯಿತು ಅಂತ ಲೇಟೆಕ್ಸ್‌ನಲ್ಲಿ ಲೆಕ್ಕ ಸಿಗುತ್ತದೆ, ಡೆಮೋ ದಿನವೇ ಬರೆದುಕೊಳ್ಳಿ. ಒಂದು ಚದರ ಮೀಟರ್ ಅಂದರೆ 10.76 ಚದರ ಅಡಿ. ಚದರ ಮೀಟರಿಗೆ 10 ಮಿಲಿ ಹಿಡಿಯೋಣ. ಆಗ 775 ಮಿಲಿಯ ಒಂದು ಕಾರ್ಟ್ರಿಜ್‌ನಷ್ಟು ಇಂಕಿಗೆ ಸುಮಾರು 830 ಚದರ ಅಡಿ. ಕಾರ್ಟ್ರಿಜ್ ಬೆಲೆಯನ್ನು ಅದರಿಂದ ಭಾಗಿಸಿ. ಇದರ ಮೇಲೆ ಆಪ್ಟಿಮೈಸರ್ (ಬಣ್ಣ ಹರಡದಂತೆ ಹಿಡಿಯುವ ದ್ರವ), ಹೆಡ್, ಕರೆಂಟು, ಶುರುವಿಗೆ ಹಾಳಾಗುವ ವಿನೈಲ್ ಸೇರಿಸಿ. ಈಗ ಹೊರಗೆ ಕೊಡುತ್ತಿರುವ ರೇಟಿನ ಪಕ್ಕದಲ್ಲಿ ಇಟ್ಟು ನೋಡಿ.

ಕರೆಂಟಿನ ಮಾತು ಬಂತಲ್ಲ. ಹೀಟರ್ ಇರುವುದರಿಂದ ಇದು ಇಕೋ ಸಾಲ್ವೆಂಟ್‌ಗಿಂತ ಜಾಸ್ತಿ ಎಳೆಯುತ್ತದೆ. ನಿಮ್ಮ ಮಂಜೂರಾದ ಲೋಡ್ ಎಷ್ಟು ಅಂತ ಬೆಸ್ಕಾಂ ಬಿಲ್ಲಿನಲ್ಲೇ ಇರುತ್ತದೆ. ಮಿಷಿನ್‌ಗೆ ಪ್ರತ್ಯೇಕ ಲೈನು, ಒಳ್ಳೆಯ ಅರ್ಥಿಂಗ್ ಬೇಕೇ ಬೇಕು. ಪ್ರಿಂಟ್ ಮಧ್ಯೆ ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ರೋಲು ಬಿಸಿ ಜಾಗದಲ್ಲೇ ಸಿಕ್ಕಿಕೊಂಡು ಸುಕ್ಕಾಗುತ್ತದೆ. ಇಡೀ ಮಿಷಿನ್ ಹೊರುವ ಯುಪಿಎಸ್ ದುಬಾರಿ. ಅದನ್ನೂ ಬಂಡವಾಳದಲ್ಲೇ ಸೇರಿಸಿ.

ಇನ್ನು ಹಳೇ ಲೇಟೆಕ್ಸ್. ಇದರ ಹೆಡ್ಡಿಗೆ ಹೆದರಬೇಡಿ. ಎಚ್‌ಪಿ ಲೇಟೆಕ್ಸ್ ಹೆಡ್ಡನ್ನು ನೀವೇ ಕೈಯಲ್ಲಿ ತೆಗೆದು ಹಾಕಬಹುದು. ಇಕೋ ಸಾಲ್ವೆಂಟ್‌ನ ಹೆಡ್ ಹಾಗಲ್ಲ, ಇಂಜಿನಿಯರ್ ಬರಬೇಕು, ಬಿಲ್ಲೂ ಎದೆ ಝಲ್ ಅನ್ನಿಸುತ್ತೆ. ಹಳೇ ಲೇಟೆಕ್ಸ್‌ನಲ್ಲಿ ಕೈ ಕೊಡೋದು ಹೀಟರ್ ಮತ್ತು ಫ್ಯಾನ್. ನೀವು ಹೋದಾಗ ಮಿಷಿನ್ ಆಗಲೇ ಬಿಸಿಯಾಗಿ ಓಡ್ತಾ ಇದ್ದರೆ ಆಫ್ ಮಾಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಆಮೇಲೆ ನಿಮ್ಮ ಎದುರೇ ಶುರು ಮಾಡಿಸಿ. ಇದುವರೆಗೆ ಎಷ್ಟು ಪ್ರಿಂಟ್ ಮಾಡಿದೆ ಅನ್ನುವ ಲೆಕ್ಕವನ್ನು ಸ್ಕ್ರೀನಿನಲ್ಲೇ ತೋರಿಸಲು ಹೇಳಿ. ಆ ಮಾಡೆಲ್‌ನ ಇಂಕು ಇವತ್ತು ನಿಮ್ಮ ಊರಿಗೆ ಬರುತ್ತಾ ಅಂತ ಬೇರೆ ಡೀಲರ್‌ಗೆ ಫೋನ್ ಮಾಡಿ ಕೇಳಿ. ದಾವಣಗೆರೆಗೆ ಒಂದೇ ದಿನದಲ್ಲಿ ಬರುವ ಇಂಜಿನಿಯರ್ ಇಲ್ಲ ಅಂದರೆ ನಾನಂತೂ ಹಳೇದನ್ನು ಮುಟ್ಟೋದಿಲ್ಲ.

ಪ್ರಶ್ನೆ: ನರ್ಸಿಂಗ್ ಹೋಮ್ ಒಂದರ ಗೋಡೆಗೆ ವಾಲ್‌ಪೇಪರ್ ಕೆಲಸ ಸಿಕ್ಕಿದೆ. 'ಲೇಟೆಕ್ಸ್ ಅಂದ್ರೆ ಕೆಲವರಿಗೆ ಅಲರ್ಜಿ, ಬೇಡ' ಅಂತಿದ್ದಾರೆ ಡಾಕ್ಟರು. ಏನು ಹೇಳಲಿ?
— ಒಬ್ಬ ಓದುಗರು, ಪುತ್ತೂರು

ಉತ್ತರ: ಡಾಕ್ಟರ್ ಮನಸ್ಸಿನಲ್ಲಿರೋದು ಕೈಗವಸಿನ ರಬ್ಬರು. ನಿಮ್ಮ ಕಡೆ ತೋಟದಲ್ಲಿ ಇಳಿಸುವ ರಬ್ಬರ್ ಹಾಲಿಗೂ ಎಚ್‌ಪಿ ಲೇಟೆಕ್ಸ್ ಇಂಕಿಗೂ ಸಂಬಂಧ ಇಲ್ಲ, ಇದು ಕಾರ್ಖಾನೆಯಲ್ಲಿ ಮಾಡಿದ ಪಾಲಿಮರ್. ಇಂಕಿನ ಗ್ರೀನ್‌ಗಾರ್ಡ್ ಗೋಲ್ಡ್ ಪ್ರಮಾಣಪತ್ರವನ್ನು (ಕೋಣೆಯ ಗಾಳಿಗೆ ಬಿಡುವ ರಾಸಾಯನಿಕ ಆವಿ ಕಡಿಮೆ ಅನ್ನುವುದಕ್ಕೆ ಕೊಡುವುದು) ಡೀಲರ್‌ರಿಂದ ತರಿಸಿ ಅವರಿಗೆ ಕೊಡಿ. ವಾಸನೆಯೂ ಇರಲ್ಲ, ರೋಗಿಗಳಿರುವ ಜಾಗಕ್ಕೆ ಒಳ್ಳೆಯದೇ. ಅಂಟಿಸುವ ಗಮ್ಮು ಯಾವುದು ಅಂತ ಮಾತ್ರ ನೋಡಿಕೊಳ್ಳಿ. ಎಷ್ಟೋ ಸಲ ವಾಸನೆ ಬರೋದು ಅದರಿಂದ.

ಪ್ರಶ್ನೆ: ಲೇಟೆಕ್ಸ್ ನೀರಿನ ಇಂಕು ಅಲ್ವಾ? ಅದರಲ್ಲಿ ಹೊಡೆದ ಫ್ಲೆಕ್ಸಿಗೆ ನಿಷೇಧ ಅನ್ವಯಿಸಲ್ಲ ಅಂತ ಒಬ್ಬರು ಹೇಳಿದರು.
— ಒಬ್ಬ ಓದುಗರು, ಹಾಸನ

ಉತ್ತರ: ಅವರ ಮಾತು ಕೇಳಿ ಬ್ಯಾನರ್ ಕಟ್ಟಬೇಡಿ. ಕರ್ನಾಟಕ ಸರ್ಕಾರದ 2016ರ ಮಾರ್ಚ್ ಅಧಿಸೂಚನೆ ನಿಷೇಧಿಸಿದ್ದು ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರನ್ನು. ಇಂಕು ಯಾವುದಾದರೇನು, ಫ್ಲೆಕ್ಸ್ ಪಿವಿಸಿಯೇ ತಾನೇ? ಬಟ್ಟೆ ಮೇಲೆ ಹೊಡೆಯೋದಾದರೆ ಲೇಟೆಕ್ಸ್ ಚೆನ್ನಾಗಿ ಕೂರುತ್ತದೆ. ಆದರೆ ಜಾಳು ಬಟ್ಟೆಯಲ್ಲಿ ಇಂಕು ಆಚೆ ಬದಿಗೆ ಇಳಿದು ಮಿಷಿನ್ ಹಾಳಾಗುತ್ತದೆ. ಕೋಟಿಂಗ್ ಇರುವ ಬಟ್ಟೆ ತರಿಸಿ.

ಪ್ರಶ್ನೆ: ಹೊಸ ಮಿಷಿನ್ ಹಾಕಿದ ಮೇಲೆ ಕನ್ನಡ ಬೋರ್ಡುಗಳಲ್ಲಿ ಒತ್ತಕ್ಷರ ಜಾರಿ ಪಕ್ಕಕ್ಕೆ ಹೋಗಿ ಕೂರುತ್ತಿದೆ. ಮಿಷಿನ್ ಬದಲಾಯಿಸಬೇಕಾ?
— ಒಬ್ಬ ಓದುಗರು, ಬಳ್ಳಾರಿ

ಉತ್ತರ: ಪಾಪ, ಮಿಷಿನ್‌ಗೆ ಕನ್ನಡ ಗೊತ್ತೂ ಇಲ್ಲ, ಅದರ ತಪ್ಪೂ ಇಲ್ಲ. ಡಿಸೈನ್ ಮಾಡಿದ ಕಂಪ್ಯೂಟರ್‌ನಲ್ಲಿ ಇದ್ದ ನುಡಿ ಅಥವಾ ಶ್ರೀಲಿಪಿ ಫಾಂಟು ರಿಪ್ (ಫೈಲನ್ನು ಮಿಷಿನ್‌ಗೆ ಅರ್ಥವಾಗುವಂತೆ ಮಾಡುವ ಸಾಫ್ಟ್‌ವೇರ್) ಇರುವ ಕಂಪ್ಯೂಟರ್‌ನಲ್ಲಿ ಇರೋದಿಲ್ಲ. ಆಗ ಅದು ತನಗೆ ತೋಚಿದ ಫಾಂಟ್ ಹಾಕುತ್ತದೆ. 'ಲಕ್ಷ್ಮೀ ಸ್ಟೋರ್ಸ್' ಅಂತ ಕೊಟ್ಟರೆ ಮ-ವತ್ತು ಒಂದು ಕಡೆ, ದೀರ್ಘ ಇನ್ನೊಂದು ಕಡೆ. ಕೋರೆಲ್‌ನಲ್ಲಿ ಫೈಲ್ ಮುಗಿದ ಮೇಲೆ ಒಂದು ಪ್ರತಿ ಹಾಗೇ ಉಳಿಸಿ. ಇನ್ನೊಂದು ಪ್ರತಿಯಲ್ಲಿ ಎಲ್ಲ ಅಕ್ಷರಗಳನ್ನು ಆರಿಸಿ ಕಂಟ್ರೋಲ್ ಕ್ಯೂ ಒತ್ತಿ, ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಆಕೃತಿ ಮಾಡಿ, ಕಳಿಸಿ. ಕರ್ವ್ ಮಾಡಿದ ಮೇಲೂ ಒಮ್ಮೆ ಓದಿ. ಕೆಲವು ಹಳೇ ಫಾಂಟುಗಳಲ್ಲಿ ಅಲ್ಲೇ ಒತ್ತು ಜಾರಿರುತ್ತದೆ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರ ತಿದ್ದುಪಡಿ ಬಂದ ಮೇಲೆ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ, ಅದೂ ಮೇಲುಗಡೆ ಇರಬೇಕು ಅಂತ ಆಗಿದೆ. ಮೊದಲು ಮೂಲೆಯಲ್ಲಿ ಚಿಕ್ಕದಾಗಿದ್ದ ತಪ್ಪು ಈಗ ನಾಲ್ಕು ಅಡಿ ಎತ್ತರದ ಅಕ್ಷರದಲ್ಲಿ ರಸ್ತೆಗೆಲ್ಲ ಕಾಣುತ್ತೆ. ಪ್ರಿಂಟ್ ಕೊಡುವ ಮೊದಲು ಎ4 ಹಾಳೆಯಲ್ಲಿ ತೆಗೆದು ಗ್ರಾಹಕರಿಂದ ಸಹಿ ಹಾಕಿಸಿಕೊಳ್ಳಿ. ಆಮೇಲೆ ತಪ್ಪು ಅವರ ಕಣ್ಣಿಗೆ ಬಿದ್ದರೂ ರೀಪ್ರಿಂಟ್ ಖರ್ಚು ನಿಮ್ಮ ತಲೆಗೆ ಬರಲ್ಲ.