ಯುರೋಪಿನ ಹಳೆಯ ಅಚ್ಚಿನ ಭಾವಚಿತ್ರಗಳಲ್ಲಿ ಮುಖದ ಜೊತೆ ಅಷ್ಟೊಂದು ಬರಹ, ಮನೆತನದ ಲಾಂಛನ ಏಕೆ? ಸಾಮಾನ್ಯರ ಚಿತ್ರಗಳೂ ಇದ್ದವೇ?

ನೋಡುವವನಿಗೆ ಆ ಮುಖದ ಪರಿಚಯವಿರುತ್ತಿರಲಿಲ್ಲ, ಅದಕ್ಕೇ. ತೈಲಚಿತ್ರವಾದರೆ ಸಾಮಾನ್ಯವಾಗಿ ಮನೆತನದ ಗೋಡೆಯ ಮೇಲೇ ಇರುತ್ತಿತ್ತು, ಅಲ್ಲಿಗೆ ಬರುವವರಿಗೆ ಅದು ಯಾರದೆಂದು ಗೊತ್ತು. ತಾಮ್ರದ ತಗಡಿನಲ್ಲಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆದ ಅಚ್ಚು ನೂರಾರು ಪ್ರತಿಗಳಾಗಿ ಕಂಡರಿಯದ ಊರುಗಳಿಗೆ ಹೋಗುತ್ತಿತ್ತು.

ಕಲಾಶಾಲೆಯಲ್ಲಿದ್ದಾಗ ನಾನೂ ತಾಮ್ರ ಕೊರೆದಿದ್ದೇನೆ. ಅಚ್ಚಿನಲ್ಲಿ ಎಡ ಬಲವಾಗುವುದರಿಂದ ಪ್ರತಿ ಅಕ್ಷರವನ್ನೂ ತಿರುಗುಮುರುಗಾಗಿ ಕೊರೆಯಬೇಕು. ನನ್ನ ಹೆಸರಿನ ಮೂರಕ್ಷರಕ್ಕೆ ಒಂದು ಮಧ್ಯಾಹ್ನವೇ ಹಿಡಿಯಿತು. ಇಷ್ಟು ಪಾಡುಪಟ್ಟು ಬರೆದದ್ದು ಬರೀ ಜಾಗ ತುಂಬಲು ಎಂದು ನನಗೆ ಅನ್ನಿಸುವುದಿಲ್ಲ.

ಜರ್ಮನಿಯ ನ್ಯೂರೆಂಬರ್ಗಿನ ಕಲಾವಿದ ಆಲ್ಬ್ರೆಕ್ಟ್ ಡ್ಯೂರರನ ಮೂರು ಅಚ್ಚುಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1519ರಲ್ಲಿ ಅವನು ಕೊರೆದದ್ದು ಬ್ರಾಂಡೆನ್‌ಬರ್ಗಿನ ಆಲ್ಬ್ರೆಕ್ಟನನ್ನು. ಆತ ಹಿಂದಿನ ವರ್ಷವಷ್ಟೇ ಕಾರ್ಡಿನಲ್, ಅಂದರೆ ಪೋಪರ ನಂತರದ ಅತಿ ಹಿರಿಯ ದರ್ಜೆಯ ಧರ್ಮಾಧಿಕಾರಿ, ಆಗಿದ್ದ, ವಯಸ್ಸು ಇಪ್ಪತ್ತೊಂಬತ್ತು. ಲಾಂಛನದ ಜೊತೆಗೆ ಮೈಂಟ್ಸ್ ಮತ್ತು ಮಾಗ್ಡೆಬರ್ಗಿನ ಆರ್ಚ್‌ಬಿಷಪ್, ಚಕ್ರವರ್ತಿಯನ್ನು ಆರಿಸುವ ಹಕ್ಕುದಾರ ಎಂದು ಬಿರುದಾವಳಿ ಸಾಗುತ್ತದೆ. ತಗಡು ಮತ್ತು 200 ಪ್ರತಿಗಳು ಆತನ ಕೈ ಸೇರಿದವು. ಡ್ಯೂರರನಿಗೆ 200 ಗುಲ್ಡನ್ (ಚಿನ್ನದ ನಾಣ್ಯ) ಹಣ, ಇಪ್ಪತ್ತು ಮೊಳದಷ್ಟು ಡಮಾಸ್ಕ್ ಎಂಬ ಹೂಬಳ್ಳಿ ನೇಯ್ಗೆಯ ಬಟ್ಟೆ.

1524ರದು ಡ್ಯೂರರನ ಗೆಳೆಯ, ನಗರದ ಸಿರಿವಂತ ಮನೆತನದ ವಿದ್ವಾಂಸ ಪಿರ್ಕ್‌ಹೈಮರ್. ದಪ್ಪ ಕತ್ತು, ಇಳಿಬಿದ್ದ ಗಲ್ಲ, ಯಾವುದನ್ನೂ ಮುಚ್ಚಿಟ್ಟಿಲ್ಲ. ಹೆಸರು, ವಯಸ್ಸು, ಮತ್ತೆ ‘ಬುದ್ಧಿಯಿಂದ ಬದುಕುತ್ತೇವೆ, ಉಳಿದದ್ದು ಸಾವಿನ ಪಾಲು’ ಎಂಬ ಲ್ಯಾಟಿನ್ ಸಾಲು. ಲಾಂಛನವಿಲ್ಲ. ಅದನ್ನು ತೋರಿಸಬಲ್ಲವನು ತೋರಿಸದೆ ಬಿಡುವುದೂ ಒಂದು ಠೀವಿಯೇ.

ನನಗೆ ಹೆಚ್ಚು ಹಿಡಿಸುವುದು 1526ರದು, ಆ ಕಾಲದ ಹೆಸರಾಂತ ಪಂಡಿತ ಎರಾಸ್ಮಸ್. ಪಾದ್ರಿಯೊಬ್ಬರಿಗೆ ಮದುವೆಯಿಲ್ಲದೆ ಹುಟ್ಟಿದ ಮಗ ಆತ, ಹೇಳಿಕೊಳ್ಳಲು ವಂಶವಿಲ್ಲ. ಲಾಂಛನದ ಬದಲು ಮುಂದೆ ಪುಸ್ತಕಗಳ ಸಾಲು, ಕೈಯಲ್ಲಿ ಲೇಖನಿ. ಹಿಂದಿನ ಫಲಕದಲ್ಲಿ, ಇದಕ್ಕಿಂತ ಒಳ್ಳೆಯ ಚಿತ್ರವನ್ನು ಆತನ ಬರಹಗಳೇ ತೋರಿಸುತ್ತವೆ ಎಂದು ಗ್ರೀಕ್‌ನಲ್ಲಿದೆ. ಓದಬಲ್ಲವರಷ್ಟೇ ಓದಿಕೊಳ್ಳಲಿ ಎಂಬ ಧೋರಣೆ! ಡ್ಯೂರರ್ ಆತನನ್ನು ಎದುರು ಕೂರಿಸಿಕೊಂಡು ಬರೆದದ್ದು 1520ರಲ್ಲಿ. ಆರು ವರ್ಷದ ಮೇಲೆ ಬಂದ ಅಚ್ಚಿನಲ್ಲಿ ಹೋಲಿಕೆ ಸಾಲದೆಂದು ಎರಾಸ್ಮಸ್‌ಗೇ ಅಸಮಾಧಾನವಿತ್ತು. ಆದರೆ ಅಲ್ಲಿ ಕಾಣಬೇಕಾಗಿದ್ದದ್ದು ಮೂಗು, ಬಾಯಿ ಅಲ್ಲ, ಪಂಡಿತ.

ಇನ್ನು ಸಾಮಾನ್ಯರ ಚಿತ್ರಗಳು. ಇದ್ದವು, ಆದರೆ ಯಾವ ಸಾಲಿನಲ್ಲಿ ಎಂಬುದನ್ನು ಕೇಳಿ. 1769ರಲ್ಲಿ ಜೇಮ್ಸ್ ಗ್ರೇಂಜರ್ ಎಂಬ ಇಂಗ್ಲಿಷ್ ಪಾದ್ರಿ ತನ್ನ ದೇಶದ ಅಚ್ಚಿನ ಭಾವಚಿತ್ರಗಳನ್ನು ಹನ್ನೆರಡು ವರ್ಗಗಳಾಗಿ ಪಟ್ಟಿ ಮಾಡಿದ. ಮೊದಲ ವರ್ಗ ರಾಜಮನೆತನದ್ದು. ಹೆಂಗಸರಿಗೆ ಅವರವರ ಅಂತಸ್ತಿನ ಪ್ರಕಾರ ಹನ್ನೊಂದನೆಯದು. ಹನ್ನೆರಡನೆಯದರಲ್ಲಿ ‘ಕೆಳವರ್ಗದ’ ಜನ: ತೀರಾ ಹೆಚ್ಚು ಕಾಲ ಬದುಕಿದವರು, ಅಂಗವಿಕಲರು, ಶಿಕ್ಷೆಗೊಳಗಾದ ಅಪರಾಧಿಗಳು, ಎಲ್ಲರೂ ಒಟ್ಟಿಗೆ.