ಅಕ್ಕಸಾಲಿಯ ಮಣೆಯಿಂದ: ನೀರು ಕುಡಿದ ಓಪಲ್

ಪ್ರಶ್ನೆ: ಆಚಾರ್ರೇ, ನಮ್ಮ ಮಗಳು ಹುಟ್ಟಿದ್ದು ಅಕ್ಟೋಬರ್‌ನಲ್ಲಿ. ಆ ತಿಂಗಳಿನ ಹರಳು ಅಂತ ಈ ಸಲ ಓಪಲ್ ಉಂಗುರ ಕೊಡಿಸಿದೆವು. ಬಿಳಿ ಕಲ್ಲಿನೊಳಗೆ ಹಸಿರು, ಕೆಂಪು ಆಡುತ್ತಿತ್ತು. ಆಯುಧಪೂಜೆಗೆ ಅವಳು ಉಂಗುರ ತೆಗೆಯದೆ ಸ್ಕೂಟರ್ ತೊಳೆದಳು, ಆಮೇಲೆ ಪಾತ್ರೆಯನ್ನೂ ತೊಳೆದಳು. ಸಂಜೆಗೆ ಕಲ್ಲು ಬರೀ ಗಾಜಿನ ಹಾಗಾಗಿತ್ತು. ಅಂಗಡಿಯವರು ನಮ್ಮ ತಪ್ಪು ಅಂದರು, ನಮ್ಮತ್ತೆ ಅಪಶಕುನ ಅನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಬಸವನಗುಡಿ

ಉತ್ತರ: ಅಮ್ಮಾ, ಮೊದಲು ನಿಮ್ಮತ್ತೆಯವರಿಗೆ ಸಮಾಧಾನ ಹೇಳಿ. ಅಪಶಕುನ ಅಲ್ಲ, ಕಲ್ಲು ನೀರು ಕುಡಿದಿದೆ ಅಷ್ಟೆ. ನೀವು ಹೇಳಿದ್ದನ್ನು ನೋಡಿದರೆ ಅದು ಇಥಿಯೋಪಿಯಾದ ಓಪಲ್ ಇರಬೇಕು. ಅಲ್ಲಿನ ವೊಲ್ಲೊ ಸೀಮೆಯ ಗಣಿಗಳ ಕಲ್ಲು 2008ರಿಂದೀಚೆಗೆ ಮಾರುಕಟ್ಟೆಗೆ ಬಂತು. ಅದರಲ್ಲಿ ಬಹಳಷ್ಟು ಕಲ್ಲುಗಳು ಹೀಗೇ ನೀರು ಹೀರುತ್ತವೆ. ಹೀರಿದಾಗ ತೂಕ ಜಾಸ್ತಿಯಾಗುತ್ತದೆ, ಕಲ್ಲು ಪಾರದರ್ಶಕವಾಗಿ ಬಣ್ಣ ಮರೆಯಾಗುತ್ತದೆ. ಆಸ್ಟ್ರೇಲಿಯಾದ ಓಪಲ್ ಸಾಮಾನ್ಯವಾಗಿ ಹೀಗೆ ಮಾಡುವುದಿಲ್ಲ.

ಓಪಲ್ ಬಣ್ಣ ಯಾರೂ ಹಚ್ಚಿದ್ದಲ್ಲ. ಕಲ್ಲಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಗುಂಡುಗಳು ಸಾಲಾಗಿ ಕೂತಿರುತ್ತವೆ. ಬೆಳಕು ಆ ಸಾಲುಗಳ ನಡುವೆ ಹಾದು ಬಣ್ಣಬಣ್ಣವಾಗಿ ಒಡೆಯುತ್ತದೆ. 1960ರ ದಶಕದಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಇದನ್ನು ನೋಡಿದರು. ಗುಂಡುಗಳ ಸಂದಿಗೆ ನೀರು ತುಂಬಿಕೊಂಡರೆ ಬೆಳಕಿನ ಆಟ ನಿಂತುಹೋಗುತ್ತದೆ. ನೀರು ಆರಿದರೆ ಮತ್ತೆ ಬರುತ್ತದೆ.

ಹಾಗಾಗಿ ಉಂಗುರವನ್ನು ಒಂದು ಹತ್ತಿಬಟ್ಟೆಯ ಮೇಲೆ, ನೆರಳಿನಲ್ಲಿ ಬಿಟ್ಟುಬಿಡಿ. ಬಿಸಿಲಿಗೆ ಇಡಬೇಡಿ. ಹೇರ್ ಡ್ರೈಯರ್ ಅಂತೂ ಬೇಡವೇ ಬೇಡ. ಬೇಗ ಒಣಗಿಸಲು ಹೋದರೆ ಕಲ್ಲು ಬಿರುಕು ಬಿಡುತ್ತದೆ. ನಮ್ಮ ಅಕ್ಟೋಬರ್ ಮಳೆಯ ಥಂಡಿಯಲ್ಲಿ ಕೆಲವು ದಿನ, ಒಂದೆರಡು ವಾರವೂ ಆಗಬಹುದು. ನನಗಿರುವ ಚಿಂತೆ ನೀರಿನದಲ್ಲ, ಸೋಪಿನದು. ಅರಿಶಿನ, ಎಣ್ಣೆ, ಸೋಪು ಒಳಗೆ ಹೋದರೆ ಪೂರ್ತಿ ಹೊರಗೆ ಬರುವುದಿಲ್ಲ. ಒಣಗಿದ ಮೇಲೂ ಹಳದಿ ಛಾಯೆ ಉಳಿದಿದ್ದರೆ ಅದರ ಆಸೆ ಬಿಡಿ.

ಒಂದು ಮಾತು ಹೇಳಲೇಬೇಕು. ಇದನ್ನು ಮಾರುವಾಗಲೇ ನಿಮಗೆ ಹೇಳಬೇಕಿತ್ತು. ತಪ್ಪು ನಿಮ್ಮದಲ್ಲ.

1991ರಲ್ಲಿ ನಗರ್ತಪೇಟೆಯ ನಮ್ಮ ಮಣೆಗೆ ಒಬ್ಬರು ಓಪಲ್ ಉಂಗುರ ತಂದರು, ಅಳತೆ ದೊಡ್ಡದು ಮಾಡಲು. ಕಲ್ಲು ತೆಗೆಯದೆ ಬೆಸುಗೆಗೆ ಬೆಂಕಿ ಊದಿದೆ. ಚಿಟ್ ಅಂದಿತು. ಓಪಲ್ ಒಳಗೆ ಹುಟ್ಟಿನಿಂದಲೇ ನೀರಿರುತ್ತದೆ, ಕೆಲವು ಕಲ್ಲಿನಲ್ಲಿ ತೂಕದ ಹತ್ತನೇ ಒಂದು ಭಾಗದಷ್ಟು. ಕಾವು ತಗುಲಿ ಕಲ್ಲು ಸೀಳಿತ್ತು. ಅವರಿಗೆ ಬೇರೆ ಕಲ್ಲು ತಂದುಕೊಟ್ಟೆ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅಂದಿನಿಂದ ಓಪಲ್ ಬಿಚ್ಚದೆ ಬೆಂಕಿ ಹಚ್ಚುವುದಿಲ್ಲ. ಶಬ್ದದ ಅಲೆಗಳಿಂದ ಆಭರಣ ತೊಳೆಯುವ ಅಲ್ಟ್ರಾಸೋನಿಕ್ ಯಂತ್ರದಲ್ಲೂ ಹಾಕಬಾರದು, ಅಂಗಡಿಯಲ್ಲಿ ತೊಳೆಯಲು ಕೊಟ್ಟರೆ ಮೊದಲೇ ಹೇಳಿ.

ಮಗಳಿಗೆ ಓಪಲ್ ಇಷ್ಟವಾದರೆ ಓಲೆ ಅಥವಾ ಪದಕ ಮಾಡಿಸಿ. ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ ಈ ಕಲ್ಲಿನ ಗಡಸುತನ 5.5ರಿಂದ 6.5ರೊಳಗೆ. ರಸ್ತೆಯ ಧೂಳಿನಲ್ಲಿರುವ ಸ್ಫಟಿಕದ ಕಣಗಳದು 7. ಕೈಯಲ್ಲಿದ್ದರೆ ಗೀರು ಬೀಳದೆ ಇರುತ್ತದಾ? ಉಂಗುರವೇ ಬೇಕೆಂದರೆ ಕಲ್ಲಿನ ಸುತ್ತ ಚಿನ್ನದ ಅಂಚು ಬರುವ ಹಾಗೆ ಕಟ್ಟಿಸಿ, ಕೆಲಸಕ್ಕೆ ಮುಂಚೆ ತೆಗೆದಿಡಲಿ.

ಪ್ರಶ್ನೆ: ಅಕ್ಟೋಬರ್‌ಗೆ ಓಪಲ್ ಅಂತ ಹೇಳಿದವರು ಯಾರು? ಜೋಯಿಸರು ಶುಕ್ರನ ಹರಳು ಅನ್ನುತ್ತಾರೆ.
– ಓದುಗ, ಮಲ್ಲೇಶ್ವರ

ಉತ್ತರ: ಎರಡೂ ಬೇರೆ ಬೇರೆ ಲೆಕ್ಕ ಸ್ವಾಮಿ. ಈಗ ನಡೆಯುತ್ತಿರುವ ತಿಂಗಳ ಪಟ್ಟಿಯನ್ನು 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಮಾಡಿತು. ನಮ್ಮ ನವರತ್ನದಲ್ಲಿ ಶುಕ್ರನಿಗೆ ವಜ್ರ, ಓಪಲ್ ಅದರಲ್ಲಿ ಇಲ್ಲ. ವಜ್ರ ಕೊಳ್ಳಲಾಗದವರಿಗೆ ಬದಲಿಗೆ ಓಪಲ್ ಹೇಳುತ್ತಾರೆ.

ಪ್ರಶ್ನೆ: ದಿನಾ ಹಾಕಿಕೊಳ್ಳುವಂಥ ಬೇರೆ ಅಕ್ಟೋಬರ್ ಕಲ್ಲು ಇದೆಯಾ?
– ಗೃಹಿಣಿ, ಯಲಹಂಕ

ಉತ್ತರ: ಇದೆ, ಟೂರ್ಮಲೀನ್. 1952ರಲ್ಲಿ ಅದನ್ನೂ ಅದೇ ಪಟ್ಟಿಗೆ ಸೇರಿಸಿದರು. ಗಡಸುತನ 7ರಿಂದ 7.5, ಅಡುಗೆಮನೆಗೂ ತಡೆಯುತ್ತದೆ. ಹಸಿರು, ಗುಲಾಬಿ, ನೀಲಿ, ಎಲ್ಲಾ ಬಣ್ಣ ಸಿಗುತ್ತದೆ. ನನಗೆ ಇಷ್ಟವಾದದ್ದು ಒಳಗೆ ಗುಲಾಬಿ, ಅಂಚಿನಲ್ಲಿ ಹಸಿರು ಇರುವ ಕಲ್ಲು. ಅದನ್ನು ಹೋಳು ಮಾಡಿ ಕಟ್ಟಿದರೆ ಕಲ್ಲಂಗಡಿ ತುಂಡಿನ ಹಾಗೇ ಕಾಣುತ್ತದೆ. ಬಿಸಿಯಾದಾಗ ಈ ಕಲ್ಲಿಗೆ ಧೂಳು ಹತ್ತುತ್ತದೆ. ಹಿಂದೆ ಡಚ್ಚರು ಸಿಲೋನಿನಿಂದ ತಂದ ಟೂರ್ಮಲೀನ್‌ನಿಂದ ತಂಬಾಕು ಸೇದುವ ಪೈಪಿನ ಬೂದಿ ಎಳೆಯುತ್ತಿದ್ದರಂತೆ. ಸುಮ್ನೆ ಒಂದು ಮೆತ್ತನೆ ಬ್ರಶ್, ಉಗುರುಬೆಚ್ಚಗಿನ ನೀರು ಸಾಕು ಸ್ವಚ್ಛ ಮಾಡಲು.

ಕೊಳ್ಳುವಾಗ ಕಲ್ಲು ಯಾವುದು, ಎಷ್ಟು ಕ್ಯಾರಟ್, ಬಣ್ಣ ಹೆಚ್ಚಿಸಲು ಏನಾದರೂ ಮಾಡಿದ್ದಾರಾ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಓಪಲ್ ಆದರೆ ಪಕ್ಕದಿಂದ ನೋಡಿ. ನೇರವಾದ ಗೆರೆ ಕಂಡರೆ ಅದು ತೆಳು ಓಪಲ್ ಪದರಕ್ಕೆ ಕಪ್ಪು ತಳ ಅಂಟಿಸಿದ ಕಲ್ಲು. ಬೆಲೆಯೂ ಹಾಗೇ ಕಡಿಮೆ ಇರಬೇಕು.